ಎತ್ತಿಗೆ ಸೋಮವಾರ, ದುಡಿಯುವವರಿಗೆ ಯಾವ ವಾರ?

ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಬಾರದು ಎಂಬ ಕಟ್ಟಳೆ ನಮ್ಮ ಕಡೆ ಹಳೆಯದು. ಅದು ಬಸವಣ್ಣನ ವಾರ ಎಂಬ ಭಕ್ತಿ ಇದರ ಹಿಂದಿದೆ. ದಣಿದ ಜೀವಕ್ಕೆ ಬಿಡುವು ಕೊಟ್ಟರೇ ನಾಳೆ ದುಡಿದೀತು ಎಂಬ ತಿಳಿವೂ ಇದೆ. ಆದರೆ ಎತ್ತು ಮೆಲುಕು ಹಾಕುವ ಆ ದಿನವೂ ರೈತ ಹೊಲಕ್ಕೆ ನೀರು ಹಾಯಿಸಲು ಹೊರಟಿರುತ್ತಾನೆ. ಮನೆಯ ಹೆಣ್ಣುಮಕ್ಕಳಿಗಂತೂ ಯಾವ ವಾರವೂ ಬಿಡುವಿನದಲ್ಲ.

ಬಳೆಗಾರರ ಮನೆತನದ ಕವಿ ರನ್ನನ ಹೆಸರು ಹೊತ್ತ ರನ್ನ ಬೆಳಗಲಿಯ ಸುತ್ತ ಕಬ್ಬಿನ ದುಡಿಮೆ, ಅತ್ತ ರಬಕವಿ-ಬನಹಟ್ಟಿಯಲ್ಲಿ ಮಗ್ಗದ ದುಡಿಮೆ. ಕಬ್ಬು ಕಡಿಯುವವರಿಗೆ ಟನ್ ಲೆಕ್ಕ, ನೇಯುವವರಿಗೆ ಸೀರೆ ಲೆಕ್ಕ. ಕೈ ನಿಂತರೆ ಕೂಲಿ ನಿಂತಿತು. ಹಾಗಾಗಿ ‘ಮೈ ನೋಡಿಕೊಳ್ಳಿ’ ಎಂದಷ್ಟೇ ಹೇಳಿದರೆ ಸಾಲದು. ಬಿಡುವನ್ನು ದುಡಿಮೆಯೊಳಗೇ ಹೇಗೆ ಸೇರಿಸುವುದು ಎಂದು ನೋಡಬೇಕು.

ನೀರು, ನೆರಳು, ಬಿಡುವು

ಮಧ್ಯ ಅಮೆರಿಕದ ನಿಕರಾಗುವಾ, ಎಲ್ ಸಾಲ್ವಡಾರ್ ದೇಶಗಳಲ್ಲಿ ಕಬ್ಬು ಕಡಿಯುವ ಎಷ್ಟೋ ಯುವಕರ ಮೂತ್ರಪಿಂಡ ಕೆಟ್ಟಿತು. ಸುಡುಬಿಸಿಲಲ್ಲಿ ಸಾಕಷ್ಟು ನೀರಿಲ್ಲದೆ ಎಡೆಬಿಡದೆ ದುಡಿಯುವುದು ಅದರ ಮುಖ್ಯ ಕಾರಣಗಳಲ್ಲೊಂದು ಎನ್ನುತ್ತಾರೆ ತಜ್ಞರು. ಕೆಲಸದ ನಡುವೆ ನೀರು, ನೆರಳು, ಬಿಡುವು ಕೊಟ್ಟ ಕಡೆ ಈ ಹಾನಿ ತಗ್ಗಿತು. ನಮ್ಮ ಹೊಲಕ್ಕೂ ಇದೇ ಪಾಠ. ಬಾಯಾರುವವರೆಗೆ ಕಾಯದೆ ಆಗಾಗ ನಾಲ್ಕು ಗುಟುಕು ನೀರು ಕುಡಿಯಿರಿ. ಬುತ್ತಿಯ ಜೊತೆ ಉಪ್ಪು ಬೆರೆಸಿದ ಮಜ್ಜಿಗೆ ಇರಲಿ. ತಲೆ ಸುತ್ತಿದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಕೆಲಸ ಬಿಟ್ಟು ನೆರಳಿಗೆ ಬನ್ನಿ.

ಮಗ್ಗದ ಸದ್ದು

ವಿದ್ಯುತ್ ಮಗ್ಗದ ಪಕ್ಕ ಒಂದು ಮಾರು ದೂರದಲ್ಲಿರುವವರೊಡನೆ ಕೂಗಿಯೇ ಮಾತಾಡಬೇಕಾದರೆ ಆ ಸದ್ದು ಸುಮಾರು 85 ಡೆಸಿಬೆಲ್ ದಾಟಿರಬಹುದು. ದಿನಕ್ಕೆ 8 ತಾಸಿನಂತೆ ವರ್ಷಗಟ್ಟಲೆ ಅದರಲ್ಲೇ ಇದ್ದರೆ ಒಳಗಿವಿಯ ಸೂಕ್ಷ್ಮ ಕೋಶಗಳು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಕಿವಿಗೆ ತುರುಕುವ ಹತ್ತಿ ಈ ಸದ್ದನ್ನು ಸಾಕಷ್ಟು ತಡೆಯುವುದಿಲ್ಲ, ಇಯರ್‌ಪ್ಲಗ್ ಬೇಕು. ಎಳೆ ಕಡಿದು ಮಗ್ಗ ನಿಂತಾಗ, ಕರೆಂಟ್ ಹೋದಾಗ ಹೊರಗೆ ಬಂದು ಬೆನ್ನು ಚಾಚಿ, ದೂರದ ಮರವನ್ನು ದಿಟ್ಟಿಸಿ. ಕಣ್ಣಿಗೂ ಬೆನ್ನಿಗೂ ಅಷ್ಟು ಹೊತ್ತಾದರೂ ಆರಾಮ ಸಿಗುತ್ತದೆ.

ಎಷ್ಟು ದುಡಿದರೆ ಹೆಚ್ಚು?

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಒಂದು ಲೆಕ್ಕ ಕೊಟ್ಟವು. ವಾರಕ್ಕೆ 35ರಿಂದ 40 ತಾಸು ದುಡಿಯುವವರಿಗೆ ಹೋಲಿಸಿದರೆ 55 ತಾಸು ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಲಕ್ವದ ಅಪಾಯ ಸುಮಾರು 35%, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ 17% ಹೆಚ್ಚು. ನಸುಕಿನಲ್ಲಿ ರೊಟ್ಟಿ ತಟ್ಟಿ, ಹಗಲೆಲ್ಲ ಕೂಲಿ ಮಾಡಿ, ರಾತ್ರಿ ಪಾತ್ರೆ ತಿಕ್ಕುವ ತಾಯಿ ತನ್ನ ತಾಸುಗಳನ್ನು ಎಣಿಸಿದ್ದಾಳೆಯೇ? ಆಕೆಯ ಬಿಡುವು ಗಡಿಯಾರದಿಂದ ಬರುವುದಿಲ್ಲ. ಮನೆಯ ಉಳಿದವರು ನೀರು ತುಂಬಿ, ಪಾತ್ರೆ ತೊಳೆದು ಕೊಟ್ಟರೆ ಮಾತ್ರ ಬಂದೀತು.

ಇಷ್ಟು ಮಾಡಿ

ನಿದ್ದೆಗೆ ಕನಿಷ್ಠ 7 ತಾಸು ಮೀಸಲಿಡಿ. ಮಲಗುವ ಮುಂಚೆ ಮೊಬೈಲ್ ಬದಿಗಿಡಿ. ದಿನದ ಉಪ್ಪು 5 ಗ್ರಾಂ ಒಳಗಿರಲಿ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ. ಹಪ್ಪಳ, ಉಪ್ಪಿನಕಾಯಿಯ ಉಪ್ಪೂ ಅದರಲ್ಲೇ ಸೇರಿತು. ಕುಳಿತು ದುಡಿಯುವವರು ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ. ಅದನ್ನು ಐದೈದು ನಿಮಿಷಕ್ಕೆ ಒಡೆದರೂ ನಡೆದೀತು. 30 ದಾಟಿದವರಿಗೆ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಸಕ್ಕರೆ ತಪಾಸಣೆ ಉಚಿತ. ಆಶಾ ಕಾರ್ಯಕರ್ತೆ ಕರೆದಾಗ ಹೋಗಿ ಬನ್ನಿ.

‘ಹಂಗಾಮು ಮುಗಿಯಲಿ, ಆಮೇಲೆ ನೋಡೋಣ’ ಎಂಬ ಮಾತು ನಮ್ಮಲ್ಲಿ ಬಹಳ. ಆದರೆ ಏರಿದ ಬಿಪಿ ಹಂಗಾಮಿಗೆ ಕಾಯುವುದಿಲ್ಲ. ಎತ್ತಿನ ನೊಗ ಇಳಿಸಿದ ಈ ಸೋಮವಾರವೇ ಅರ್ಧ ತಾಸು ಬಿಡುವು ಮಾಡಿಕೊಂಡು ಗಂಡ ಹೆಂಡತಿ ಇಬ್ಬರೂ ಬಿಪಿ ನೋಡಿಸಿಕೊಂಡು ಬನ್ನಿ.