ಮನೆಗೆ ಹೊಸ ಬಗೆಯ ಕೀಲಿ: ಕೊಳ್ಳುವ ಮುನ್ನ ತಿಳಿಯಬೇಕಾದ ಮಾತು



'ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು' ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ನರಗುಂದ, ಗಜೇಂದ್ರಗಡದ ಕೋಟೆಗಳನ್ನು ದಿನವೂ ಕಣ್ಣೆದುರು ಕಾಣುವ ನಮಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಡಲೆ ಕೀಳುವ ಕಾಲಕ್ಕೆ, ಹತ್ತಿ ಬಿಡಿಸುವ ಕಾಲಕ್ಕೆ ಮನೆಮಂದಿಯೆಲ್ಲ ಬೆಳಿಗ್ಗೆಯೇ ಹೊಲಕ್ಕೆ ಹೊರಡುತ್ತಾರೆ. ಮಳೆ ಕೈಕೊಟ್ಟ ವರ್ಷ ಕೆಲವು ಕುಟುಂಬಗಳು ತಿಂಗಳುಗಟ್ಟಲೆ ದುಡಿಯಲು ಹೊರ ಊರಿಗೆ ಹೋಗುತ್ತವೆ. ಆಗ ಮನೆಗೆ ಕೀಲಿಯೇ ಕಾವಲು. ಪೇಟೆಯಲ್ಲಿ ಈಗ ಬೆರಳು ಒತ್ತಿದರೆ ತೆರೆಯುವ, ಅಂಕಿ ಒತ್ತಿದರೆ ತೆರೆಯುವ ಎಲೆಕ್ಟ್ರಾನಿಕ್ ಕೀಲಿಗಳು ದೊರೆಯುತ್ತವೆ. ಇವು ನಮ್ಮ ಮನೆಗಳಿಗೆ ಒಪ್ಪುತ್ತವೆಯೇ? ಹಣ ಕೊಡುವ ಮೊದಲು ವಿಚಾರ ಮಾಡೋಣ.

ಈ ಕೀಲಿಯಿಂದ ಆಗುವುದೇನು, ಆಗದಿರುವುದೇನು

ಹೊಲಕ್ಕೆ ಹೋಗುವಾಗ ಕೀಲಿಕೈಯನ್ನು ಬಾಗಿಲ ಪಕ್ಕದ ಮಾಡದಲ್ಲೋ ಹೂವಿನ ಕುಂಡದ ಕೆಳಗೋ ಇಟ್ಟು ಹೋಗುವ ರೂಢಿ ನಮ್ಮಲ್ಲಿದೆ. ಶಾಲೆಯಿಂದ ಮಕ್ಕಳು ಮೊದಲು ಬರುತ್ತಾರೆಂದು ಹೀಗೆ ಮಾಡುತ್ತೇವೆ. ಆದರೆ ಮಕ್ಕಳಿಗೆ ಗೊತ್ತಿರುವ ಜಾಗ ಓಣಿಗೆಲ್ಲ ಗೊತ್ತಿರುತ್ತದೆ. 2025ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಬ್ಯಾಂಕಿನಿಂದ ಸುಮಾರು 59 ಕಿಲೋ ಬಂಗಾರ ಕಳುವಾಯಿತು. ಅದಕ್ಕೆ ನಕಲಿ ಕೀಲಿಕೈಗಳನ್ನು ಮಾಡಿಸಿಕೊಂಡಿದ್ದರೆಂದು ಪೊಲೀಸರು ತಿಳಿಸಿದರು. ಕೀಲಿಕೈ ಬೇರೆಯವರ ಕೈಗೆ ಸಿಕ್ಕರೆ ಎಂಥ ಗಟ್ಟಿ ಕೀಲಿಯೂ ವ್ಯರ್ಥ. ಅಂಕಿಯ ಕೀಲಿಯಲ್ಲಿ ಕೈಯನ್ನು ಎಲ್ಲಿಯೂ ಅಡಗಿಸಿಡಬೇಕಾಗಿಲ್ಲ. ಸಂಶಯ ಬಂದ ದಿನವೇ ಅಂಕಿಯನ್ನು ಬದಲಿಸಬಹುದು. ಇದು ನಿಜವಾದ ಲಾಭ.

ಆದರೆ ಇನ್ನೊಂದು ಮಾತನ್ನು ಮರೆಯಬಾರದು. 2024ರ ಅಕ್ಟೋಬರದಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಬ್ಯಾಂಕಿನಿಂದ 17 ಕಿಲೋಗೂ ಮಿಕ್ಕಿ ಬಂಗಾರ ಹೋಯಿತು. ಅಲ್ಲಿ ಕಳ್ಳರು ಬಂದುದು ಬಾಗಿಲಿನಿಂದಲ್ಲ, ಕಿಟಕಿಯ ಕಬ್ಬಿಣದ ಸರಳು ತೆಗೆದು. ಹೋಗುವಾಗ ಕ್ಯಾಮೆರಾದ ಚಿತ್ರ ದಾಖಲಾಗುವ ಪೆಟ್ಟಿಗೆಯನ್ನೂ ಹೊತ್ತೊಯ್ದರು.

ಇದರಿಂದ ತಿಳಿಯುವುದಿಷ್ಟೆ: ಎಲೆಕ್ಟ್ರಾನಿಕ್ ಕೀಲಿಯು ಕೀಲಿಕೈಯ ತೊಂದರೆಯನ್ನು ಕಳೆಯುತ್ತದೆ; ಬಾಗಿಲು, ಕಿಟಕಿ, ಮಾಳಿಗೆಗಳ ದೌರ್ಬಲ್ಯವನ್ನು ಕಳೆಯುವುದಿಲ್ಲ.

ಮೊದಲು ಮನೆಯನ್ನು ಸುತ್ತಿ ನೋಡಿರಿ

ಒಂದು ದಿನ ಹೊರಗಿನವರ ಕಣ್ಣಿನಿಂದ ನಿಮ್ಮ ಮನೆಯನ್ನು ನೀವೇ ಸುತ್ತಿ ನೋಡಿರಿ. ತಲಬಾಗಿಲು ತೇಗದ್ದಿದ್ದು ಹಿತ್ತಲ ಬಾಗಿಲು ತಗಡಿನದಾಗಿದ್ದರೆ ಕಳ್ಳ ಹಿತ್ತಲಿನಿಂದಲೇ ಬರುತ್ತಾನೆ. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಬೆಳಕಿಂಡಿಯೂ ಒಂದು ದಾರಿಯೇ. ಅದಕ್ಕೆ ಕಬ್ಬಿಣದ ಸರಳಿನ ಜಾಳಿಗೆ ಕೂಡ್ರಿಸಿರಿ. ಬಾಗಿಲ ಚೌಕಟ್ಟಿಗೆ ಗೆದ್ದಲು ಹಿಡಿದಿದೆಯೇ, ಕೊಂಡಿಯ ಮೊಳೆಗಳು ಸಡಿಲಾಗಿವೆಯೇ ನೋಡಿರಿ. ಊರಿನ ಬಡಿಗೇರರು, ಕಮ್ಮಾರರು ಅರ್ಧ ದಿನದಲ್ಲಿ ಇದನ್ನು ಸರಿಪಡಿಸುತ್ತಾರೆ. ಈ ಕೆಲಸ ಮುಗಿಯುವ ತನಕ ಹೊಸ ಕೀಲಿಗೆ ಹಣ ಹಾಕಬೇಡಿರಿ.

ಯಾವ ಕೀಲಿ ನಮಗೆ ತಕ್ಕುದು?

1. ಬೆರಳಚ್ಚಿನ ಕೀಲಿ: ನ್ಯಾಯಬೆಲೆ ಅಂಗಡಿಯಲ್ಲಿ ಎಷ್ಟೋ ಸಲ ನಮ್ಮ ಹೆಬ್ಬೆರಳು ಹೊಂದುವುದಿಲ್ಲ. ಕಳೆ ಕಿತ್ತು, ಸಲಿಕೆ ಹಿಡಿದು ಬೆರಳಿನ ಗೆರೆಗಳು ಸವೆದಿರುತ್ತವೆ, ಎರೆಮಣ್ಣು ಮೆತ್ತಿರುತ್ತದೆ. ಈ ಕೀಲಿಯಲ್ಲಿಯೂ ಅದೇ ತೊಂದರೆ ಬರಬಹುದು. ಆದ್ದರಿಂದ ಬೆರಳಚ್ಚು ಒಂದನ್ನೇ ನಂಬಿದ ಕೀಲಿ ಬೇಡ. ಅಂಗಡಿಯಲ್ಲಿ ಮನೆಯ ಹಿರಿಯರಿಂದ ಒತ್ತಿಸಿ ನೋಡಿಯೇ ಕೊಳ್ಳಿರಿ.

2. ಅಂಕಿಯ ಕೀಲಿ: ನಮಗೆ ಇದು ಹೆಚ್ಚು ಅನುಕೂಲ. ನಾಲ್ಕು ಅಂಕಿಗಳಲ್ಲಿ 10,000 ಜೋಡಣೆಗಳಾಗುತ್ತವೆ. ಆರು ಅಂಕಿಗಳಾದರೆ 10 ಲಕ್ಷ. ಆದ್ದರಿಂದ ಆರನ್ನೇ ಆರಿಸಿರಿ. ಹುಟ್ಟಿದ ವರ್ಷ, ಟ್ರ್ಯಾಕ್ಟರಿನ ನಂಬರು, ಮೊಬೈಲಿನ ಕೊನೆಯ ಅಂಕಿಗಳು ಬೇಡ. ಕಾರಖಾನೆಯಿಂದ ಬಂದ ಅಂಕಿಯನ್ನು ಮೊದಲ ದಿನವೇ ಬದಲಿಸಿರಿ. ಒತ್ತಿ ಒತ್ತಿ ಸವೆದ ಗುಂಡಿಗಳು ಗುಟ್ಟು ಬಿಟ್ಟುಕೊಡುತ್ತವೆ. ಆಗಾಗ ಒರೆಸಿರಿ, ಕೆಲವು ತಿಂಗಳಿಗೊಮ್ಮೆ ಅಂಕಿ ಬದಲಿಸಿರಿ. ಹಲವು ಸಲ ತಪ್ಪು ಒತ್ತಿದರೆ ಸ್ವಲ್ಪ ಹೊತ್ತು ಸ್ಥಗಿತವಾಗುವ ಕೀಲಿಯೇ ಒಳ್ಳೆಯದು.

3. ಮೊಬೈಲಿನಿಂದ ತೆರೆಯುವ ಕೀಲಿ: ದೂರದಿಂದ ತೆರೆಯಬೇಕಾದರೆ ಇದಕ್ಕೆ ಮನೆಯಲ್ಲಿ ಇಂಟರ್ನೆಟ್ ಬೇಕು. ನೆಟ್‌ವರ್ಕ್ ನಿಲ್ಲದ ಊರಿನಲ್ಲಿ ಇದಕ್ಕೆ ಹೆಚ್ಚಿನ ಹಣ ಕೊಡುವುದು ವ್ಯರ್ಥ.

ಇಂಥ ಕೀಲಿಗಳು ಸಾಮಾನ್ಯವಾಗಿ ಸೆಲ್ಲುಗಳಿಂದ ನಡೆಯುವುದರಿಂದ ಕರೆಂಟು ಹೋದರೂ ಕೆಲಸ ಮಾಡುತ್ತವೆ. ಸೆಲ್ಲು ತೀರುವ ಮೊದಲು ಎಚ್ಚರಿಕೆಯ ಸದ್ದು ಬರಬೇಕು. ಪೂರ್ತಿ ತೀರಿದರೆ ಹೊರಗಿನಿಂದ ಬ್ಯಾಟರಿ ತಾಗಿಸಿ ತೆರೆಯುವ ಏರ್ಪಾಡು ಅಥವಾ ಲೋಹದ ಕೀಲಿಕೈ ಇರಬೇಕು. ಆ ಕೈಯನ್ನು ಮನೆಯೊಳಗಿಟ್ಟು ಹೊರಗೆ ನಿಲ್ಲಬೇಡಿರಿ. ನಂಬಿಕೆಯ ಬಂಧುಗಳ ಮನೆಯಲ್ಲಿಡಿರಿ.

ನಮ್ಮ ಹಳೆಯ ಬಾಗಿಲುಗಳು ಎರಡು ಕದದವು. ಪೇಟೆಯ ಎಷ್ಟೋ ಕೀಲಿಗಳು ಒಂದೇ ಕದದ ಬಾಗಿಲಿನ ದಪ್ಪದೊಳಗೆ ಕೂಡ್ರುವಂಥವು. ಎರಡು ಕದಕ್ಕೆ ಅವು ಒಪ್ಪುವುದಿಲ್ಲ. ಬಾಗಿಲ ದಪ್ಪವನ್ನು ಅಳೆದು, ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಅಂಗಡಿಗೆ ಹೋಗಿರಿ. ಕದದ ಒಳಮೈಗೆ ಮೇಲೆಯೇ ಕೂಡ್ರಿಸುವ ಕೀಲಿ ಕೆಲವು ಕಡೆ ಹೊಂದಬಹುದು. ಹೊಂದದಿದ್ದರೆ ಗಟ್ಟಿ ಉಕ್ಕಿನ ಒಳ್ಳೆಯ ಸಾದಾ ಕೀಲಿಯೇ ಸಾಕು. ಅದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ.

ಒಂದು ಮಾತನ್ನು ಎಂದಿಗೂ ಬಿಡಬೇಡಿರಿ: ಬೆಂಕಿ ಬಿದ್ದರೆ ಮುದುಕರೂ ಮಕ್ಕಳೂ ಕತ್ತಲಲ್ಲಿ ಕೈಯಿಂದಲೇ ಒಳಗಿನಿಂದ ಬಾಗಿಲು ತೆರೆಯುವಂತಿರಬೇಕು.

ಕೂಗುವ ಗಂಟೆ, ನೋಡುವ ಕಣ್ಣು

ಬಾಗಿಲಿಗೆ ಅಯಸ್ಕಾಂತದ ತುಂಡೊಂದನ್ನು, ಚೌಕಟ್ಟಿಗೆ ಸಣ್ಣ ಡಬ್ಬಿಯೊಂದನ್ನು ಅಂಟಿಸುವ ಗಂಟೆ ಇದೆ. ಬಾಗಿಲು ತೆರೆದು ಎರಡೂ ದೂರವಾದೊಡನೆ ಅದು ಕೂಗುತ್ತದೆ. ಇದರ ಬೆಲೆ ಕಡಿಮೆ, ಕೂಡ್ರಿಸುವುದೂ ಸುಲಭ. ಮೈಯ ಶಾಖವನ್ನು ಗುರುತಿಸಿ ಕೂಗುವ ಬಗೆಯೂ ಉಂಟು. ಆದರೆ ಆಡು, ಬೆಕ್ಕು ಓಡಾಡುವ ಪಡಸಾಲೆಯಲ್ಲಿ ಅದು ಸುಮ್ಮನೆ ಕೂಗಿ, ಕೊನೆಗೆ ನಿಜವಾದ ಕೂಗನ್ನೂ ಯಾರೂ ನಂಬದಂತಾಗುತ್ತದೆ.

ಕ್ಯಾಮೆರಾ ಕಳ್ಳನನ್ನು ತಡೆಯುವುದಕ್ಕಿಂತ ಮುಂದೆ ಗುರುತಿಸಲು ಹೆಚ್ಚು ನೆರವಾಗುತ್ತದೆ. ನ್ಯಾಮತಿಯ ಪಾಠವನ್ನು ನೆನೆದು, ದಾಖಲೆಯ ಪೆಟ್ಟಿಗೆಯನ್ನು ಕ್ಯಾಮೆರಾದ ಹತ್ತಿರ ಕಾಣುವಂತೆ ಇಡಬೇಡಿರಿ. ಅದರ ಪಾಸ್‌ವರ್ಡನ್ನು ಬದಲಿಸಿರಿ. ಇಲ್ಲವಾದರೆ ನಿಮ್ಮ ಅಂಗಳವನ್ನು ಬೇರೆಯವರೂ ಕುಳಿತಲ್ಲಿಂದ ನೋಡಬಹುದು. ನೆರೆಮನೆಯ ಬಾಗಿಲಿನತ್ತ, ಬಚ್ಚಲಿನತ್ತ ಅದರ ಮುಖ ತಿರುಗಿಸುವುದು ಸರಿಯಲ್ಲ. ಕೊಂಡ ವಸ್ತುವಿಗೆ ರಸೀದಿ, ವಾರಂಟಿ ಚೀಟಿ ಪಡೆಯಿರಿ. ಕೆಟ್ಟರೆ ಗದಗ ಅಥವಾ ಹುಬ್ಬಳ್ಳಿಯಲ್ಲಿ ದುರಸ್ತಿ ಮಾಡುವವರು ಇದ್ದಾರೆಯೇ ಎಂದು ಮೊದಲೇ ಕೇಳಿರಿ.

ಕೊನೆಯ ಮಾತು

ಮಾಲು ಮಾರಿದ ಹಣವನ್ನು ಮನೆಯಲ್ಲಿ ಇಡಬೇಡಿರಿ. ಬಂಗಾರ, ಹೊಲದ ಕಾಗದಪತ್ರಗಳನ್ನು ಬ್ಯಾಂಕಿನ ಲಾಕರಿನಲ್ಲಿಡುವುದು ಲೇಸು. ಮೇಲೆ ಹೇಳಿದಂಥ ಕಳವು ಅಲ್ಲಿ ಅಪರೂಪ. ಊರು ಬಿಡುವ ಸುದ್ದಿಯನ್ನು ವಾಟ್ಸಾಪಿನಲ್ಲಿ ಹಾಕದೆ, ನೆರೆಯವರಿಗೂ ಪೊಲೀಸ್ ಠಾಣೆಗೂ ತಿಳಿಸಿ ಹೋಗಿರಿ. ಮನೆ ಒಡೆದಂತೆ ಕಂಡರೆ ಒಳಗೆ ಕಾಲಿಡದೆ, ಏನನ್ನೂ ಮುಟ್ಟದೆ 112ಕ್ಕೆ ಕರೆ ಮಾಡಿರಿ.

ಗಂಟೆ ಕೂಗಿದಾಗ ಎದ್ದು ಬರುವವರು ಓಣಿಯ ಜನರೇ. ಆದುದರಿಂದ ಹೊಸ ಕೀಲಿ ಕೂಡ್ರಿಸಿದ ದಿನ ನೆರೆಯವರನ್ನು ಕರೆದು, ಗಂಟೆಯನ್ನು ಒಮ್ಮೆ ಕೂಗಿಸಿ ತೋರಿಸಿರಿ. ಅವರ ಮನೆಯ ಗಂಟೆ ಕೂಗಿದಾಗ ನೀವೂ ಎದ್ದು ಹೋಗಿರಿ.