ಅಕ್ಕ ಕೊಟ್ಟ ಕಿಡ್ನಿ, ಬಸ್ಸಲ್ಲಿ ಸಿಕ್ಕ ಕೆಮ್ಮು

ಪೇಟೆ ಬೀದಿಯ ಒಂದು ಬಟ್ಟೆ ಅಂಗಡಿ. ಗಲ್ಲಾದ ಮೇಲೆ ಕೂತ ಯಜಮಾನರ ಮುಖಕ್ಕೆ ಇವತ್ತಿಗೂ ಮಾಸ್ಕು. ‘ಏನ್ ಸಾವ್ಕಾರ್ರೇ, ಕೊರೋನಾ ಹೋಗಿ ಎಷ್ಟು ಕಾಲವಾಯ್ತು, ಇನ್ನೂ ಬಾಯಿಬಟ್ಟೆ ಬಿಚ್ಚಲಿಲ್ವಾ?’ ಎಂದು ಗಿರಾಕಿಗಳ ತಮಾಷೆ. ಅವರು ನಕ್ಕು ಸುಮ್ಮನಾಗುತ್ತಾರೆ. ಮೊನ್ನೆ ಈ ವರದಿಗಾರನ ಹತ್ತಿರ ಮಾತ್ರ ಗುಟ್ಟು ಬಿಟ್ಟರು: ‘ಕಿಬ್ಬೊಟ್ಟೇಲಿ ಇರೋದು ನಮ್ಮಕ್ಕನ ಕಿಡ್ನಿ ಸ್ವಾಮಿ. ಕಾಯ್ಕೋಬೇಕಲ್ಲ!’

ತೂಕಡಿಸುವ ಕಾವಲುಗಾರ

ಒಡಹುಟ್ಟಿದವರದ್ದೇ ಆದರೂ ಬೇರೆಯವರ ಅಂಗವನ್ನು ದೇಹ ಪರಕೀಯ ಎಂದೇ ತಿಳಿದು ಹೊರದಬ್ಬಲು ನೋಡುತ್ತದೆ. ಅದನ್ನು ತಡೆಯಲು ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್, ಪ್ರೆಡ್ನಿಸೊಲೋನ್ ಮುಂತಾದ ಮಾತ್ರೆಗಳು ಜೀವನಪೂರ್ತಿ ಬೇಕು. ಇವು ದೇಹದ ಕಾವಲುಗಾರನನ್ನು ತೂಕಡಿಸುವಂತೆ ಮಾಡುತ್ತವೆ. ಕಿಡ್ನಿ ಉಳಿಯುತ್ತದೆ ನಿಜ, ಆದರೆ ಕಳ್ಳರಿಗೂ ಬಾಗಿಲು ತೆರೆದಂತೆ.

ಆ ಕಳ್ಳರಲ್ಲೊಂದು ಬೂಷ್ಟು. ಮಣ್ಣು, ತಿಪ್ಪೆ, ಕೊಳೆತ ಎಲೆಗಳಿಂದೆದ್ದ ಅದರ ಕಣಗಳನ್ನು ನಾವೆಲ್ಲ ದಿನವೂ ಉಸಿರಾಡುತ್ತೇವೆ. ಗಟ್ಟಿ ದೇಹಕ್ಕೆ ಏನೂ ಆಗುವುದಿಲ್ಲ. ಆದರೆ ಫ್ಲೂ ಅಥವಾ ಕೊರೋನಾ ವೈರಸ್ಸು ಶ್ವಾಸನಾಳದ ಒಳಪದರವನ್ನು ಕೆಡಿಸಿದಾಗ, ಚಿಕಿತ್ಸೆಗೆಂದು ಕೊಟ್ಟ ಸ್ಟೀರಾಯ್ಡಿನಿಂದ ಸಕ್ಕರೆಯೂ ಏರಿದಾಗ, ಬೂಷ್ಟಿಗೆ ಸುಗ್ಗಿ. ಆಸ್ಪರ್ಜಿಲ್ಲಸ್ ಎಂಬುದು ಶ್ವಾಸಕೋಶ ಹಿಡಿದರೆ, ಮ್ಯೂಕರ್ ಜಾತಿಯದು ಹೆಚ್ಚಾಗಿ ಮೂಗಿನಿಂದ ಕಣ್ಣಿಗೆ, ಅಲ್ಲಿಂದ ಮಿದುಳಿಗೆ ನುಗ್ಗುತ್ತದೆ.

2021ರ ಮೇ ತಿಂಗಳು ನೆನಪಿದೆಯೇ? ‘ಬ್ಲ್ಯಾಕ್ ಫಂಗಸ್’ ಎಂದು ನಾಡೇ ನಡುಗಿದ್ದು ಇದಕ್ಕೇ. ಹೆಚ್ಚು ಸಿಕ್ಕಿಬಿದ್ದವರು ಸಕ್ಕರೆ ಕಾಯಿಲೆಯವರು. ಅಂಗ ಕಸಿ ಮಾಡಿಸಿಕೊಂಡವರನ್ನೂ ಅದು ಬಿಡಲಿಲ್ಲ. ಆ ಬೂಷ್ಟಿನ ಬಣ್ಣ ಕಪ್ಪಲ್ಲ. ಅದು ರಕ್ತನಾಳ ಮುಚ್ಚಿದಾಗ ಸತ್ತ ಮಾಂಸ ಕಪ್ಪಾಗುತ್ತದೆ. ಒಬ್ಬರಿಂದೊಬ್ಬರಿಗೆ ಅಂಟುವುದೂ ಇಲ್ಲ. ಅಂಟುವುದು ಅದಕ್ಕೆ ದಾರಿ ಮಾಡಿಕೊಡುವ ವೈರಸ್ಸು!

ಅತ್ತ ದರಿ, ಇತ್ತ ಪುಲಿ

ಮ್ಯೂಕರ್‌ಗೆ ಮುಖ್ಯ ಮದ್ದು ಆಂಫೊಟೆರಿಸಿನ್-ಬಿ ಇಂಜೆಕ್ಷನ್. ಜೊತೆಗೆ ಸತ್ತ ಭಾಗವನ್ನು ಕತ್ತರಿಸಿ ತೆಗೆಯಬೇಕು. ಆದರೆ ಈ ಮದ್ದೇ ಕಿಡ್ನಿಗೆ ಪೆಟ್ಟು ಕೊಡಬಲ್ಲದು. ಲೈಪೊಸೋಮಲ್ ಎಂಬ ಬಗೆಯದು ಕೊಂಚ ಮೃದು, ಬೆಲೆ ಮಾತ್ರ ಬಲು ದುಬಾರಿ. 2021ರಲ್ಲಿ ಅದಕ್ಕಾಗಿ ಜನ ಊರೂರು ಅಲೆದರು. ಕಾವಲುಗಾರನನ್ನು ಎಬ್ಬಿಸೋಣವೆಂದು ಮಾತ್ರೆ ತಗ್ಗಿಸಿದರೆ, ಅಕ್ಕನ ಕಿಡ್ನಿಯನ್ನೇ ದೇಹ ತಿರಸ್ಕರಿಸಬಹುದು.

ಆದ್ದರಿಂದ ಕಸಿ ಆದವರಿಗೆ ನೆಗಡಿ-ಜ್ವರ ಬಂದರೆ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಮಾತ್ರೆ ಕೇಳುವ ಕೆಲಸ ಬೇಡ, ತಾವಾಗಿ ಮಾತ್ರೆ ನಿಲ್ಲಿಸುವುದಂತೂ ಬೇಡವೇ ಬೇಡ. ಕಸಿ ನೋಡಿಕೊಳ್ಳುವ ಡಾಕ್ಟರಿಗೆ ಅವತ್ತೇ ತಿಳಿಸಬೇಕು. ಮುಖದ ಒಂದೇ ಪಕ್ಕ ನೋವು ಅಥವಾ ಊತ, ಮೂಗಲ್ಲಿ ಕಪ್ಪು ಸ್ರಾವ, ಎರಡೆರಡು ಕಾಣುವುದು, ಹಲ್ಲು ಅಲುಗಾಡುವುದು, ಔಷಧಿಗೆ ಬಗ್ಗದ ಜ್ವರ, ಕಫದಲ್ಲಿ ರಕ್ತ, ಇವು ಕಂಡರೆ ಬೆಳಗಾಗುವ ತನಕ ಕಾಯಬಾರದು.

ಮತ್ತೆ ನಮ್ಮ ಪಾಡು? ಸಂಜೆ ಬಸ್ಸಿನಲ್ಲಿ ಜೋತುಬಿದ್ದು ಪಕ್ಕದವರ ಮೇಲೇ ಕೆಮ್ಮುವವರು ನಾವೇ ತಾನೆ!

ಹೊರಡುವಾಗ ಯಜಮಾನರು ಅಂದರು: ‘ಅಕ್ಕ ಕಿಡ್ನೀನೇ ಕೊಟ್ಟಳು. ಊರಿನೋರು ಕರ್ಚೀಫು ಅಡ್ಡ ಹಿಡಿದ್ರೆ ಸಾಕು.’