ಕೋಣದ ವೃಷಣ ಚಿಕ್ಕದಿದ್ದರೆ ಅದು ಬಲಹೀನವೇ?

ಹೋರಿಗೆ ಹೋಲಿಸಿದರೆ ಕೋಣದ ವೃಷಣಗಳು ಚಿಕ್ಕವು. ಇದು ದೋಷವಲ್ಲ, ಎಮ್ಮೆ ಜಾತಿಯ ಸಹಜ ರಚನೆ. ಗಾತ್ರ ನೋಡುವುದಾದರೆ ಅದೇ ತಳಿಯ, ಅದೇ ವಯಸ್ಸಿನ ಕೋಣದ ಜೊತೆ ಹೋಲಿಸಬೇಕು.

ವೃಷಣಗಳು ಹೊಟ್ಟೆಯ ಹೊರಗೆ ಚೀಲದಲ್ಲಿ ಇರುವುದೇಕೆ? ವೀರ್ಯಾಣು ತಯಾರಾಗಲು ದೇಹಕ್ಕಿಂತ ಕೆಲವು ಡಿಗ್ರಿ ಕಡಿಮೆ ಉಷ್ಣತೆ ಬೇಕು. ಕಪ್ಪು ಚರ್ಮದ, ಬೆವರುಗ್ರಂಥಿಗಳು ಕಡಿಮೆಯಿರುವ ಕೋಣ ಬಿಸಿಲಿಗೆ ಬೇಗ ಕಾಯುತ್ತದೆ. ಆಗ ವೀರ್ಯದ ಗುಣಮಟ್ಟ ಕುಸಿಯುತ್ತದೆ. ವೀರ್ಯಾಣು ರೂಪುಗೊಳ್ಳಲು ಸುಮಾರು 38 ದಿನ ಬೇಕು. ಆಮೇಲೆ ಅದು ಎಪಿಡಿಡಿಮಿಸ್ ಎಂಬ ಸುರುಳಿ ನಾಳದಲ್ಲಿ ಬಲಿಯಬೇಕು. ಹಾಗಾಗಿ ಬೇಸಿಗೆಯ ಪೆಟ್ಟು ಮಳೆ ಬಿದ್ದ ಮೇಲೂ ಕೆಲವು ವಾರ ಉಳಿಯಬಹುದು.

ಎಮ್ಮೆ ಗಬ್ಬ ನಿಲ್ಲದಿದ್ದರೆ ಎಮ್ಮೆಯನ್ನಷ್ಟೇ ದೂರಬೇಡಿ. ಕೋಣಕ್ಕೂ ನೆರಳು, ನೀರು ಒದಗಿಸಿ. ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ.